ಸಹಾಯ ಬೇಕು: ಹೊಳೆ ದಾಟುವ ಚಾರಣಕ್ಕೆ ಅಪ್ಪನನ್ನು ಹೇಗೆ ಕರೆದೊಯ್ಯಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನ ಜೊತೆ ಎರಡು ದಿನದ ಚಾರಣಕ್ಕೆ ಹೊರಟಿದ್ದೇನೆ. ಮೊದಲ ದಿನ ಪೂರ್ತಿ ನದಿ ಕಣಿವೆ. ಎರಡನೇ ದಿನ ಕಾಡಿನ ಗುಡ್ಡ ಹತ್ತಿ ಇಳಿಯಬೇಕು. ಅಪ್ಪನಿಗೆ 63. ಹತ್ತುವುದರಲ್ಲಿ ನನಗಿಂತ ಗಟ್ಟಿ, ಆದರೆ ಇಳಿಜಾರಿನಲ್ಲಿ ಮಂಡಿ ನೋಯುತ್ತದೆ.

ಗುಡ್ಡದ ದಾರಿ 15 ಕಿ.ಮೀ., ಏರು 600 ಮೀಟರ್. ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅನ್ನೋ ನೇಯ್ಸ್‌ಮಿತ್ ಲೆಕ್ಕದಲ್ಲಿ 4 ಗಂಟೆ ಆಗುತ್ತದೆ. ಅದರಲ್ಲಿ ವಿಶ್ರಾಂತಿ ಸೇರಿಲ್ಲ. ನಾನು 7 ಗಂಟೆ ಇಟ್ಟುಕೊಂಡಿದ್ದೇನೆ. ಸರಿ ಅಲ್ವಾ?

ನನಗೆ ಜಾಸ್ತಿ ಭಯ ಇರೋದು ಹೊಳೆಯದ್ದು. ಹೋದ ಸಲ ನೀರು ಬರೀ ಮಂಡಿವರೆಗಿತ್ತು. ಆದರೂ ಪಾಚಿ ಕಟ್ಟಿದ ಕಲ್ಲಿನ ಮೇಲೆ ಅಪ್ಪನ ಕಾಲು ಜಾರಿತು. ಕೈಯಲ್ಲಿ ಕೋಲು ಇದ್ದಿದ್ದಕ್ಕೆ ಬೀಳಲಿಲ್ಲ. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಳ್ಳಬೇಕು, ಮೇಲೆಲ್ಲೋ ಮಳೆಯಾದರೆ ಬಿಸಿಲಿರುವ ಕಡೆಯೂ ನೀರು ಏರುತ್ತದೆ, ಇಷ್ಟು ಗೊತ್ತು. ಶೂ ಹಾಕಿಕೊಂಡೇ ದಾಟುವುದಾ, ದಾಟಲು ಬೇರೆ ಚಪ್ಪಲಿ ಒಯ್ಯುವುದಾ? ಇಳಿಯಲು ಎರಡು ಕೋಲು ಬೇಕಾ? ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ. ಅಪ್ಪ ತುಂಬಾ ಆಸೆ ಇಟ್ಟುಕೊಂಡಿದ್ದಾರೆ, ಬೇಡ ಅನ್ನಲು ಮನಸ್ಸು ಬರುತ್ತಿಲ್ಲ.