ಪದಚರ್ಚೆ: ‘ಗೇಟ್‌ಕೀಪರ್’ಗೆ ಏನನ್ನೋಣ? ‘ಆತ್ಮಹತ್ಯೆಗೆ ಶರಣು’ ಬಿಡಬಹುದೇ?

ಎಲ್ಲರಿಗೂ ನಮಸ್ಕಾರ.

ಮಂಡ್ಯ ಸೀಮೆಯ ಆಶಾ ಕಾರ್ಯಕರ್ತೆಯರು, ಗ್ರಾಮ ಆಡಳಿತಾಧಿಕಾರಿಗಳು, ಹಾಲಿನ ಡೇರಿ ಕಾರ್ಯದರ್ಶಿಗಳಿಗೆಂದು ಆತ್ಮಹತ್ಯೆ ತಡೆಯ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಅದರ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ.

2022ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರತಂದ ರಾಷ್ಟ್ರೀಯ ಕಾರ್ಯತಂತ್ರ, ಇಂಥ ಸಾವುಗಳನ್ನು 2030ರೊಳಗೆ ಶೇ 10ರಷ್ಟು ಇಳಿಸಬೇಕು ಎನ್ನುತ್ತದೆ. ಅದರಲ್ಲಿ ‘ಗೇಟ್‌ಕೀಪರ್’ ಎಂಬ ಮಾತಿದೆ. ಡಾಕ್ಟರಲ್ಲದಿದ್ದರೂ ಜನರ ನಡುವೆ ಓಡಾಡಿಕೊಂಡು, ಯಾರು ಕುಗ್ಗಿದ್ದಾರೆಂದು ಗುರುತಿಸಿ, ಮಾತಾಡಿಸಿ, ತಾಲ್ಲೂಕು ಆಸ್ಪತ್ರೆಗೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೋ ದಾಟಿಸುವವರು. ಕರಡಿನಲ್ಲಿ ಇವರನ್ನು ‘ದ್ವಾರಪಾಲಕರು’ ಮಾಡಿಟ್ಟಿದ್ದಾರೆ! ಗದೆ ಹಿಡಿದ ಜಯವಿಜಯರೇ ಕಣ್ಣಮುಂದೆ ಬರುತ್ತಾರೆ. ಗೇಟ್‌ಕೀಪರ್ ಎಂದೇ ಬಿಟ್ಟರೆ ನಮ್ಮ ಕಡೆ ರೈಲ್ವೆ ಗೇಟು ಹಾಕುವವನು. ಇಬ್ಬರದೂ ತಡೆದು ನಿಲ್ಲಿಸುವ ಕೆಲಸ, ಇಲ್ಲಿ ಬೇಕಿರುವುದು ಕೈಹಿಡಿದು ಕರೆದೊಯ್ಯುವವರು. ‘ಆಪ್ತಸಮಾಲೋಚಕ’ ಆಗಲೇ ಕೌನ್ಸೆಲರ್‌ಗೆ ಸಂದಿದೆ. ನನಗೆ ‘ಒತ್ತಾಸೆಯವರು’ ಹಿಡಿಸಿದೆ, ಆದರೆ ಸುಳಿವು ಗುರುತಿಸುವ ಅರ್ಥ ಅದರಲ್ಲಿ ಬರುವುದಿಲ್ಲ.

ಸುಳಿವಿನ ಮಾತೂ ಹಾಗೇ. ಹಳ್ಳಿಯಲ್ಲಿ ಯಾರೂ ‘ಖಿನ್ನತೆ’ ಎನ್ನುವುದಿಲ್ಲ. ‘ಜೀವ ಬೇಜಾರಾಗದೆ ಕಣವ್ವ’, ‘ಮನ್ಸಿಗೆ ಹಚ್ಕಂಡವ್ನೆ’ ಅನ್ನುತ್ತಾರೆ. ಕೈಪಿಡಿಯ ಪ್ರಶ್ನೆ ನೋಡಿದರೆ, ‘ತಮಗೆ ಆತ್ಮಹತ್ಯಾ ಆಲೋಚನೆಗಳು ಉಂಟಾಗುತ್ತಿವೆಯೇ?’ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬ ಭಯ ಬೇಡ, ಕೇಳಲೇಬೇಕು ಎನ್ನುತ್ತಾರೆ ತಜ್ಞರು. ಹಾಗಿದ್ದರೆ ‘ಜೀವ ಕಳ್ಕಬೇಕು ಅಂತ ಏನಾರ ಅನ್ಸದಾ?’ ಎಂದೇ ಅಚ್ಚು ಹಾಕಿಸಬಾರದೇಕೆ? ಗ್ರಾಮ್ಯವೆಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ.

ಇನ್ನು ‘ಆತ್ಮಹತ್ಯೆಗೆ ಶರಣು’. ವಚನಕಾರರ ನಾಡಿನಲ್ಲಿ ಕೈಮುಗಿದು ಆಡುವ ಮಾತು ಶರಣು. ಅದನ್ನು ಸಾವಿಗೆ ಅಂಟಿಸಿ ಸಾವನ್ನೇ ಆಸರೆಯ ತಾಣವೆಂಬಂತೆ ಬರೆಯುವುದು ನನಗಂತೂ ಸಹಿಸದು. ‘ಜೀವ ಕಳೆದುಕೊಂಡರು’ ಎನ್ನೋಣವೆಂದರೆ ಅಪಘಾತಕ್ಕೂ ಅದೇ ಮಾತು. ‘ಆತ್ಮಹತ್ಯೆ ಮಾಡಿಕೊಂಡರು’ ನೇರವಾಗಿದೆ, ಆದರೆ ‘ಹತ್ಯೆ’ಯಲ್ಲಿ ಅಪರಾಧದ ವಾಸನೆ ಉಳಿಯುತ್ತದೆ. ಕಾನೂನೇ ಅದನ್ನು ಬಹುಮಟ್ಟಿಗೆ ಬಿಟ್ಟಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲೋ ಅವರ ಕೆಲಸ ತಡೆಯಲೋ ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಹೊಸದರ 226ನೇ ಕಲಂ ಇದೆ. ಕರಡಿನಲ್ಲಿದ್ದ ‘ಯತ್ನದ ಆರೋಪಿ’ಯನ್ನು ಹೊಡೆದುಹಾಕಿ ‘ಬದುಕುಳಿದವರು’ ಎಂದು ಬರೆದಿದ್ದೇನೆ.

ಮೈಸೂರು, ಚಾಮರಾಜನಗರದ ಕಡೆಯವರು ಏನನ್ನುತ್ತೀರಿ? ನಿಮ್ಮ ಪದವನ್ನು ಒಂದು ವಾಕ್ಯದೊಳಗೆ ಇಟ್ಟು ಕಳಿಸಿ. ಬಿಡಿ ಪದಗಳಿಗೆ ನಿಘಂಟುಗಳಿವೆ.