ಸಹಾಯ ಬೇಕು: ಅಜ್ಜನ ಮಡಚುವ ಚಾಕುವಿಗೆ ತುಕ್ಕು ಹಿಡಿದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜ ಎಲೆಅಡಿಕೆಗೆ ಅಂತ ಸದಾ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಚಾಕು ಈಗ ನನ್ನ ಹತ್ತಿರ ಇದೆ. ಮಳೆಗಾಲ ಪೂರ್ತಿ ಅದನ್ನು ಚರ್ಮದ ಚೀಲದಲ್ಲೇ ಬಿಟ್ಟಿದ್ದೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ತುಕ್ಕು ಬಂತು.

ಸ್ಟೇನ್‌ಲೆಸ್ ಅಲ್ಲ, ಹಳೇ ಕಾರ್ಬನ್ ಸ್ಟೀಲ್. ಅಡಿಕೆಯ ಒಗರು ಹತ್ತಿ ಹತ್ತಿ ಅಲಗು ಕಪ್ಪಗಾಗಿದೆ, ಆ ಕಪ್ಪು ಇರಲಿ, ಅದು ಅಜ್ಜನ ಕೈಯಿಂದ ಬಂದದ್ದು. ತೊಂದರೆ ಕೆಂಪು ತುಕ್ಕಿನದು. ಉಗುರು ಹಾಕಿ ಬಿಚ್ಚುವ ಗೀರಿನೊಳಗೆ ಪುಡಿಪುಡಿಯಾಗಿ ಕೂತಿದೆ. ಅಲಗು ಮಡಚುವ ಕೀಲಿನೊಳಗೂ ಇದೆ, ಬಿಚ್ಚಿದರೆ ಕರಕರ ಅನ್ನುತ್ತದೆ.

ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ ಬಟ್ಟೆಯಲ್ಲಿ ಉಜ್ಜಿದೆ. ಮೇಲಿನದು ಹೋಯಿತು, ಸಣ್ಣ ಗುಳಿಗಳಲ್ಲಿ ಇನ್ನೂ ಇದೆ. ವಿನೆಗರ್‌ನಲ್ಲಿ ಇಡು ಅಂತಾರೆ, ಆದರೆ ಜಾಸ್ತಿ ಹೊತ್ತು ಬಿಟ್ಟರೆ ಹುಳಿ ಒಳ್ಳೆ ಉಕ್ಕನ್ನೂ ತಿನ್ನುತ್ತದೆ ಅಲ್ವಾ? ಉಪ್ಪುಕಾಗದ ಹಾಕಿದರೆ ಅಲಗಿನ ಬುಡದಲ್ಲಿರುವ ಮಾಸಿದ ಅಕ್ಷರಗಳು ಅಳಿಸಿಹೋಗುತ್ತವೆ ಅಂತ ಭಯ.

ನಾಲ್ಕು ಸೊನ್ನೆಯ (0000 ನಂಬರಿನ), ಅಂದರೆ ತುಂಬಾ ನಯವಾದ ಸ್ಟೀಲ್ ವುಲ್‌ಗೆ (ಉಕ್ಕಿನ ನಾರಿಗೆ) ಎಣ್ಣೆ ಹಾಕಿ ಉಜ್ಜಿದರೆ ಸಾಕಾ? ರಿವೆಟ್ ಬಿಚ್ಚದೆ ಕೀಲಿನ ಒಳಗಿನ ತುಕ್ಕು ತೆಗೆಯುವುದು ಹೇಗೆ? ಬಾಯಿಗೆ ಹಾಕುವ ಅಡಿಕೆ ಕತ್ತರಿಸುವ ಚಾಕು, ಮಷೀನ್ ಆಯಿಲ್ ಬೇಡ. ಅಡುಗೆ ಎಣ್ಣೆ ಸ್ವಲ್ಪ ದಿನಕ್ಕೆ ಅಂಟಂಟಾಗುತ್ತದೆ. ನೀವು ಯಾವ ಎಣ್ಣೆ ಹಚ್ಚುತ್ತೀರಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.