ಮರಳಿಗೆ ಕಡ್ಡಿ ಚುಚ್ಚಿದರೆ ಕೊಳೆತ ಮೊಟ್ಟೆ ವಾಸನೆ, ಗಿಡಗಳೆಲ್ಲ ಕರಗ್ತಿವೆ

ಗಾಜಿನಪೆಟ್ಟಿಗೆ:
2 ಅಡಿ ಮೀನಿನ ಟ್ಯಾಂಕ್. ತಳಕ್ಕೆ ಮಣ್ಣು, ಮೇಲೆ ಮರಳು. ಕ್ರಿಪ್ಟ್ (ಕ್ರಿಪ್ಟೋಕೊರಿನ್ ನೀರುಗಿಡ) ಎಲೆಗಳು ಬುಡದಲ್ಲೇ ಲೋಳೆಯಾಗಿ ಕಳಚಿಕೊಳ್ತಿವೆ, ಅಮೆಜಾನ್ ಸ್ವೋರ್ಡ್ ಗಿಡದ ಹೊಸ ಎಲೆ ಬಿಳಿಚಿಕೊಂಡಿದೆ. ಕಡ್ಡಿ ಚುಚ್ಚಿದರೆ ಗುಳುಗುಳು ಅಂತ ಗುಳ್ಳೆ, ಜೊತೆಗೆ ಆ ವಾಸನೆ. ಲೈಟು, ಗೊಬ್ಬರ ಎಲ್ಲ ಸರಿಯಾಗೇ ಇದೆ. ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡಿದ್ದು. ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿ ಅಂತ ಮಾತ್ರ ಯಾರೂ ಹೇಳಬೇಡಿ.

ಪಾಚಿರಾಯ:
ನೀರು ಯಾವುದು ಗುರು? ಕಾವೇರಿನಾ, ಬೋರ್‌ವೆಲ್ಲಾ?

ಗಾಜಿನಪೆಟ್ಟಿಗೆ:
ಬೋರ್‌ವೆಲ್. ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) 700.

ಪಾಚಿರಾಯ:
ಸಿಕ್ಕಿತಲ್ಲ ಕಾರಣ. ಗಡಸು ನೀರು, ಪಿಹೆಚ್ 8 ದಾಟಿರುತ್ತೆ, ಕಬ್ಬಿಣ ಗಿಡಕ್ಕೆ ಸಿಗದ ರೂಪಕ್ಕೆ ಹೋಗುತ್ತೆ. ಹೊಸ ಎಲೆ ಬಿಳಿಚಿಕೊಳ್ಳೋದು ಅದಕ್ಕೇ. ಮರಳಲ್ಲಿ ಸುಣ್ಣದ ಅಂಶ ಇದೆಯಾ ಅಂತಲೂ ನೋಡಿ. ಒಂದು ಚಮಚ ಒಣ ಮರಳಿಗೆ ಟಾಯ್ಲೆಟ್ ಕ್ಲೀನರ್ ನಾಲ್ಕು ಹನಿ ಬಿಟ್ಟರೆ, ಸುಣ್ಣ ಇದ್ದಲ್ಲಿ ನೊರೆ ಏಳುತ್ತೆ. ವಿನೆಗರ್, ನಿಂಬೆಹುಳಿ ಎರಡೂ ಮೆದು, ನಂಬಬೇಡಿ. ಪರೀಕ್ಷೆ ಮಾಡಿದ ಮರಳು ವಾಪಸ್ ಟ್ಯಾಂಕಿಗೆ ಹಾಕಬೇಡಿ. ಬ್ಲೀಚಿಂಗ್ ಪೌಡರ್ ಹತ್ತಿರವೂ ತರಬೇಡಿ, ಕ್ಲೋರಿನ್ ಹೊಗೆ ಬರುತ್ತೆ.

ಗಾಜಿನಪೆಟ್ಟಿಗೆ:
ನೊರೆ ಬರಲಿಲ್ಲ.

ಪಾಚಿರಾಯ:
ಹಾಗಾದ್ರೆ ನೀರೇ ಕಾರಣ. ಅರ್ಧ ಆರ್‌ಓ ಬೆರೆಸಿ, ಕೆಹೆಚ್ (ಕಾರ್ಬೊನೇಟ್ ಗಡಸುತನ) 14 ಇದ್ದರೆ 7ಕ್ಕೆ ಬರುತ್ತೆ.

ಹೊಳೆಮರಳು:
ವಾಸನೆ ಬರ್ತಿರೋದು ತಳದಿಂದ, ನೀವು ಕೆಹೆಚ್ ಹಿಡಿದು ಕೂತಿದ್ದೀರಲ್ಲ ಸಾರ್. ಗಾಜಿನಪೆಟ್ಟಿಗೆಯವರೇ, ಮಣ್ಣು ಎಂಥದು, ಎಷ್ಟು ದಪ್ಪ? ಮರಳು ಎಂಥದು, ಎಷ್ಟು ದಪ್ಪ? ಇದನ್ನು ಹೇಳದೆ ಉತ್ತರ ಕೇಳಿದರೆ ಹೇಗೆ?

ಗಾಜಿನಪೆಟ್ಟಿಗೆ:
ಕೆಮ್ಮಣ್ಣು, ಅದಕ್ಕೆ ಸಮಪಾಲು ಎರೆಗೊಬ್ಬರ. 2 ಇಂಚು. ಮರಳು 3 ಇಂಚು, ಮನೆ ಗಾರೆ ಕೆಲಸದಲ್ಲಿ ಮಿಕ್ಕಿದ್ದು. ಚೆನ್ನಾಗಿ ತೊಳೆದಿದ್ದೀನಿ.

ಹೊಳೆಮರಳು:
ಗಾರೆಗೆ ಹಾಕೋದು ಪಿ-ಸ್ಯಾಂಡ್, ಕಲ್ಲು ಪುಡಿ ಮಾಡಿದ ನುಣ್ಣನೆ ಮರಳು. ಅದರಲ್ಲಿ ಹುಡಿಯೇ ಜಾಸ್ತಿ, ನೆನೆದು ಕೂತರೆ ಸಿಮೆಂಟಿನ ಥರ ಬಿಗಿಯುತ್ತೆ, ನೀರು ಇಳಿಯಲ್ಲ. ಮೇಲುಹೊದಿಕೆಗೆ ಕಾಳು 1ರಿಂದ 2 ಮಿ.ಮೀ. ಇರಬೇಕು. ಸೊಳ್ಳೆಪರದೆ ಜಾಲರಿಯಲ್ಲಿ ಜರಡಿ ಹಿಡಿದು ಮೇಲೆ ಉಳಿದದ್ದನ್ನು ಇಟ್ಟುಕೊಳ್ಳಿ, ಕೆಳಗೆ ಬಿದ್ದದ್ದು ಬೇಡ. ನದಿ ಮರಳಾಗಿದ್ದರೆ ಈ ತಾಪತ್ರಯವೇ ಇರ್ತಿರಲಿಲ್ಲ.

ಕಾರಿಡೋರಾಸ್_ಪ್ರಿಯ:
ನದಿ ಮರಳು ಎಲ್ಲಿ ಸಿಗುತ್ತೆ ಹೇಳಿ? ಸಿಕ್ಕರೂ ಎಲ್ಲಿಂದ ಬಂದದ್ದೋ. ಎಂ-ಸ್ಯಾಂಡ್ ಜರಡಿ ಹಿಡಿದರೆ ಏನೂ ಆಗಲ್ಲ, ಅದು ಗ್ರಾನೈಟ್ ಪುಡಿ, ನೀರಿಗೆ ಏನನ್ನೂ ಬಿಡಲ್ಲ.

ಹೊಳೆಮರಳು:
ನಿಮ್ಮ ಹೆಸರಲ್ಲೇ ಕಾರಿಡೋರಾಸ್ ಇಟ್ಟುಕೊಂಡು ಎಂ-ಸ್ಯಾಂಡ್ ಹಾಕಿ ಅಂತೀರಲ್ಲ! ಒಡೆದ ಕಲ್ಲಿನ ಅಂಚು ಚೂಪು, ತಳ ಕೆದಕೋ ಆ ಮೀನಿನ ಮೀಸೆ ಸವೆದು ಹೋಗುತ್ತೆ.

ಕಾರಿಡೋರಾಸ್_ಪ್ರಿಯ:
ಮೀಸೆ ಸವೆಯೋದು ಬಹುತೇಕ ತಳದ ಕೊಳೆ, ಬ್ಯಾಕ್ಟೀರಿಯಾದಿಂದ. ಗುಂಡನೆ ಮರಳಲ್ಲೂ ಕೊಳೆ ಇದ್ದರೆ ಸವೆಯುತ್ತೆ.

ಮುರಕಲ್ಲು:
ಮೀಸೆ ವಿಷಯ ಆಮೇಲೆ ಮಾತಾಡುವ ಮಾರಾಯ್ರೆ. ಇಲ್ಲಿ ಆಗ್ತಾ ಇರೋದು ಇಷ್ಟು. ಅರ್ಧದಷ್ಟು ಎರೆಗೊಬ್ಬರ ಅಂದರೆ ಕೊಳೆಯುವ ವಸ್ತು ಮಿತಿಮೀರಿ ಉಂಟು. ಅದು ಕೊಳೀತಾ ತಳದ ಆಮ್ಲಜನಕ ಎಲ್ಲ ತಿಂದು ಮುಗಿಸ್ತದೆ. ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾ ನೀರಿನ ಸಲ್ಫೇಟ್ ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡ್ತವೆ, ಮೊಟ್ಟೆ ವಾಸನೆ ಅದೇ. ಬೇರಿಗೆ ಅದು ವಿಷ. ಬೇರು ಸತ್ತ ಮೇಲೆ ಕಬ್ಬಿಣ ಹೀರುವುದು ಯಾರು? ಹಾಗಾಗಿ ಬಿಳಿಚಿದ ಎಲೆಗೆ ಪಿಹೆಚ್ ಒಂದೇ ಕಾರಣ ಅಲ್ಲ.

ವಾಸನೆ ಇಲ್ಲದ ಗುಳ್ಳೆಗೆ ಹೆದರಬೇಡಿ, ಹೊಸ ಮಣ್ಣಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಬರುವುದು ಸಾಮಾನ್ಯ. ಒಂದು ಕ್ರಿಪ್ಟ್ ಕಿತ್ತು ನೋಡಿ. ಬೇರು ಬೆಳ್ಳಗೆ ಗಟ್ಟಿ ಇದ್ದರೆ ಅದು ಜಾಗ ಬದಲಾಗಿದ್ದಕ್ಕೆ ಕರಗಿದ್ದು, ತಾನೇ ಚಿಗುರ್ತದೆ. ಕಪ್ಪಗೆ ಮೆತ್ತಗಿದ್ದು ನಾತ ಹೊಡೆದರೆ ತಳ ಕೆಟ್ಟಿದೆ. ಇಡೀ ಟ್ಯಾಂಕಿನ ಫೋಟೋ ಹಾಕಿ.

ಗಾಜಿನಪೆಟ್ಟಿಗೆ:
ಬೇರು ಕಪ್ಪಗಿದೆ. ಫೋಟೋ ಹಾಕಿದ್ದೀನಿ.

ಪಾಚಿರಾಯ:
ಕೆಹೆಚ್ ಅಳೆದ್ರಾ?

ಮುರಕಲ್ಲು:
ಎಡ ಮೂಲೆಯಲ್ಲಿ ಮರಳಿಂದ ಎದ್ದು ನಿಂತಿರುವ ಪೈಪ್ ಎಂತದು?

ಗಾಜಿನಪೆಟ್ಟಿಗೆ:
ಅಂಡರ್‌ಗ್ರಾವೆಲ್ ಫಿಲ್ಟರ್ ಪ್ಲೇಟಿನದು, ತಳದಡಿ ಹಾಸಿ ಅದರ ಮೂಲಕ ನೀರು ಎಳೆಯೋ ಸೀಳು ಪ್ಲೇಟ್. ಟ್ಯಾಂಕ್ ಜೊತೆ ಅಂಗಡಿಯಲ್ಲೇ ಹಾಕಿಕೊಟ್ಟಿದ್ದು. ಅದರ ಏರ್ ಪಂಪ್ ಆಫ್ ಇದೆ, ಈಗ ಸ್ಪಾಂಜ್ ಫಿಲ್ಟರ್ ಓಡ್ತಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮುರಕಲ್ಲು:
ಸಂಬಂಧ ಬೇಕಾದಷ್ಟುಂಟು! ಪ್ಲೇಟಿನ ಅಡಿ ಬೆರಳು ದಪ್ಪದ ಖಾಲಿ ಜಾಗ. ಸೀಳುಗಳಲ್ಲಿ ಮಣ್ಣು ಇಳಿದು ಅಲ್ಲಿ ರಾಡಿ ತುಂಬಿದೆ, ನೀರು ಅಲುಗಾಡುವುದಿಲ್ಲ, ಬೇರೂ ತಲುಪುವುದಿಲ್ಲ. ಈಗ ಪಂಪ್ ಆನ್ ಮಾಡಿದರೆ ಆ ರಾಡಿಯೆಲ್ಲ ಪೈಪಲ್ಲಿ ಮೇಲೆ ಬರ್ತದೆ, ದಯವಿಟ್ಟು ಮಾಡಬೇಡಿ. ಬರೀ ದಪ್ಪ ಮರಳಾಗಿದ್ದರೆ ಅಲ್ಲಲ್ಲಿ ಕಡ್ಡಿ ಚುಚ್ಚಿ, ಮರಳು ಕೊರೆಯುವ ಟ್ರಂಪೆಟ್ ಬಸವನಹುಳ ಬಿಡಿ ಅಂತಿದ್ದೆ. ಪ್ಲೇಟ್ ಇರುವಾಗ ಬಿಚ್ಚದೆ ಬೇರೆ ದಾರಿ ಇಲ್ಲ.

1. ಟ್ಯಾಂಕಿನ ಮೇಲ್ಭಾಗದ ನೀರನ್ನೇ ಬಕೆಟ್ಟಿಗೆ ತೆಗೆದು ಮೀನು, ಸ್ಪಾಂಜ್ ಫಿಲ್ಟರ್ ಅದಕ್ಕೆ ಹಾಕಿ. ಸ್ಪಾಂಜ್ ಒಣಗಬಾರದು, ನಲ್ಲಿ ನೀರಲ್ಲಿ ತೊಳೆಯಲೂಬಾರದು. ತಳ ಕೆದಕುವ ಮೊದಲೇ ಇದು ಆಗಬೇಕು.

2. ಉಳಿದ ನೀರು ಪೂರ್ತಿ ಖಾಲಿ ಮಾಡಿ, ಕಿಟಕಿ ತೆರೆದಿಟ್ಟು ಮರಳು, ಮಣ್ಣು ಗೋರಿ ತೆಗೆಯಿರಿ. ನೀರಿರುವಾಗ ಪ್ಲೇಟ್ ಎಳೆಯಬೇಡಿ. ಮಣ್ಣು ಹೂಕುಂಡಕ್ಕೆ ಆಗ್ತದೆ.

3. ಗಿಡದ ಕಪ್ಪು ಬೇರು ಕತ್ತರಿಸಿ. ಗಡ್ಡೆ ಗಟ್ಟಿ ಇದ್ದರೆ ಕ್ರಿಪ್ಟ್ ಬದುಕ್ತದೆ.

4. 60×30 ಸೆಂ.ಮೀ. ತಳಕ್ಕೆ 1 ಸೆಂ.ಮೀ. ದಪ್ಪ ಅಂದರೆ 1.8 ಲೀಟರ್. ಗೊಬ್ಬರ ಬೆರೆಸದ ಮಣ್ಣು 2.5 ಸೆಂ.ಮೀ., ಅಂದರೆ 4.5 ಲೀಟರ್. ಮುಂದಿನ ಗಾಜಿನಿಂದ 4–5 ಸೆಂ.ಮೀ. ಬಿಟ್ಟು ಹಾಕಿ. ಮೇಲೆ ಜರಡಿ ಹಿಡಿದ ಮರಳು 4 ಸೆಂ.ಮೀ., ಸುಮಾರು 11 ಕೆ.ಜಿ.

5. ಹಾಕುವ ಮೊದಲು ಮಣ್ಣನ್ನು ನೆನೆಸಿ, ತೇಲುವ ಕಸ ತೆಗೆದು, ನೀರು ಬಸಿದು, ಬಿಸಿಲಲ್ಲಿ ಒಣಗಿಸಿ. ಹೀಗೆ ಮೂರು ನಾಲ್ಕು ಸಲ. ಕೊಳೆಯುವುದೆಲ್ಲ ಹೊರಗೇ ಕೊಳೆತು ಮುಗೀತದೆ. ಕೆಲವರು ಡೋಲೊಮೈಟ್ ಬೆರೆಸ್ತಾರೆ, ನಿಮ್ಮ ಗಡಸು ನೀರಿಗೆ ಅದು ಬೇಡ.

ಮೀನು ವಾಪಸ್ ಬಿಡುವ ಮುಂಚೆ ಅಮೋನಿಯಾ ಅಳೆಯಿರಿ. ಪಿಹೆಚ್ 7ಕ್ಕಿಂತ 8ರಲ್ಲಿ ಅದರ ವಿಷಕಾರಿ ಭಾಗ ಹತ್ತಿರ ಹತ್ತಿರ ಹತ್ತು ಪಟ್ಟು. ಪಾಚಿರಾಯರ ಮಾತು ಇಲ್ಲಿ ಉಪಯೋಗಕ್ಕೆ ಬರ್ತದೆ.

ಪಾಚಿರಾಯ:
ನಾನು ಮೊದಲೇ ಹೇಳಿದ್ದೆ.

ಅಕ್ವಾಸಾಯಿಲ್_ಅರಸ:
ಈ ಕೆಸರಿನ ರಗಳೆ ಯಾಕೆ? 4 ಅಡಿ ಟ್ಯಾಂಕಿಗೆ 36 ಲೀಟರ್ ಅಕ್ವಾಸಾಯಿಲ್ (ನೀರುಗಿಡಕ್ಕೆಂದೇ ಮಾಡಿದ ಉಂಡೆಮಣ್ಣು), ಸಿಲಿಂಡರ್ ಸಿಓಟೂ, ಎರಡು ಕ್ಯಾನಿಸ್ಟರ್ ಫಿಲ್ಟರ್, ತೂಗುಬಿಟ್ಟ ಲೈಟ್. ಘಟ್ಟದ ಲ್ಯಾಗೆನಾಂಡ್ರಾ ಮೀಬೋಲ್ಡೀ ಗಿಡದ ಕೆಂಪು ನೋಡಿದರೆ ಕಣ್ಣು ಕೀಳಕ್ಕಾಗಲ್ಲ. ಫೋಟೋ ಹಾಕ್ತೀನಿ.

ಹೊಳೆಮರಳು:
ಅರಸರೇ, 700 ಟಿಡಿಎಸ್ ಬೋರ್ ನೀರಿಗೆ ಅಕ್ವಾಸಾಯಿಲ್ ಹಾಕಿದರೆ ಪಿಹೆಚ್ ಇಳಿಸೋ ಶಕ್ತಿ ಪ್ರತಿ ಸಲ ನೀರು ಬದಲಿಸುವಾಗಲೂ ಖರ್ಚಾಗಿ ಕೆಲವೇ ತಿಂಗಳಿಗೆ ಮುಗಿಯುತ್ತೆ. ನಿಮ್ಮದು ಪೂರ್ತಿ ಆರ್‌ಓ ನೀರು ಅನ್ನೋದನ್ನೂ ಹೇಳಿ.

ಅಕ್ವಾಸಾಯಿಲ್_ಅರಸ:
ಆರ್‌ಓ ಇಲ್ಲದೆ ಯಾರು ಗಿಡ ಬೆಳೆಸ್ತಾರೆ?

ಗಾಜಿನಪೆಟ್ಟಿಗೆ:
ಸರಿ, ಭಾನುವಾರ ಬಿಚ್ತೀನಿ. ಬರೀ ಮಣ್ಣಾದರೆ ಸ್ವೋರ್ಡಿಗೆ ಗೊಬ್ಬರ ಸಾಲುತ್ತಾ? ಮನೇಲಿ 19:19:19 ಇದೆ, ಕ್ಯಾಪ್ಸೂಲಿಗೆ ತುಂಬಿ ಹೂತಿಡಲಾ?

ಮುರಕಲ್ಲು:
ಬೇಡವೇ ಬೇಡ. ಅದರಲ್ಲಿ ಯೂರಿಯಾ ಉಂಟು, ಥಟ್ಟನೆ ಕರಗಿ ಅಮೋನಿಯಾ ಆಗ್ತದೆ. ಡಿಎಪಿಯೂ ಹಾಗೆಯೇ. ಮೊದಲ ಕೆಲವು ತಿಂಗಳು ಏನೂ ಬೇಡ. ಆಮೇಲೆ ಅಕ್ವೇರಿಯಂ ರೂಟ್ ಟ್ಯಾಬ್ (ಬೇರಿಗೆ ಇಡುವ ಗೊಬ್ಬರದ ಗುಳಿಗೆ) ಸ್ವೋರ್ಡಿನ ಬುಡದಲ್ಲಿ 5 ಸೆಂ.ಮೀ. ಆಳಕ್ಕೆ ಚಿಮುಟದಿಂದ ಇಳಿಸಿ, ಮೂರು ತಿಂಗಳಿಗೊಮ್ಮೆ. ಅನುಬಿಯಸ್, ಜಾವಾ ಫರ್ನ್ ಇದ್ದರೆ ಅವುಗಳ ಕಾಂಡ ಮರಳಲ್ಲಿ ಹೂಳಬೇಡಿ, ಕಲ್ಲಿಗೆ ಕಟ್ಟಿ.

ಕಾರಿಡೋರಾಸ್_ಪ್ರಿಯ:
ಆ ಪ್ಲೇಟ್ ಎಸೆಯೋದಾದರೆ ನನಗೆ ಕೊಡಿ. ಬರೀ ಗ್ರಾವೆಲ್ ಟ್ಯಾಂಕಿಗೆ ಪವರ್‌ಹೆಡ್ (ನೀರಲ್ಲೇ ಮುಳುಗಿಸೋ ಪಂಪ್) ಇಟ್ಟು ನೀರು ಉಲ್ಟಾ ತಳ್ಳಿದರೆ ಕೊಳೆ ತಳದಲ್ಲಿ ಕೂರಲ್ಲ.

ಹೊಳೆಮರಳು:
ಉಲ್ಟಾ ತಳ್ಳಿದರೂ ಪ್ಲೇಟಿನ ಅಡಿ ರಾಡಿ ಕೂರುತ್ತೆ, ಪವರ್‌ಹೆಡ್ ಬಾಯಿಗೆ ಸ್ಪಾಂಜ್ ಹಾಕದಿದ್ದರೆ.

ಕಾರಿಡೋರಾಸ್_ಪ್ರಿಯ:
ಸ್ಪಾಂಜ್ ಹಾಕಲ್ಲ ಅಂತ ಯಾರು ಹೇಳಿದ್ದು ಸಾರ್?